ಸೈಕಲ್ ಎಲ್ಲಿ? ಕ್ಯಾರಿಯರ್ ಎಲ್ಲಿ?

ರಾಯಚೂರು, ದೇವದುರ್ಗ, ಮಾನ್ವಿಯ ತಂದೆ-ತಾಯಂದಿರೇ,

ಮೇ 2024 ಮುಗಿಯುವ ಮೊದಲೇ ಶಾಲೆ ಶುರು. ಎಂಟನೇ ತರಗತಿಯ ಮಕ್ಕಳಿಗೆ ಈ ಸಲವೂ ಸೈಕಲ್ ಇಲ್ಲ! 2006-07ರಲ್ಲಿ ಆರಂಭವಾದ ಸರ್ಕಾರದ ಉಚಿತ ಸೈಕಲ್ ಯೋಜನೆ ಕೊರೊನಾ ಕಾಲದಲ್ಲಿ ನಿಂತಿತು. ಕೊರೊನಾ ಹೋಯಿತು, ಮಾಸ್ಕ್ ಹೋಯಿತು. ಸೈಕಲ್ ಮಾತ್ರ ತಿರುಗಿ ಬರಲಿಲ್ಲ.

ನನ್ನ ತಂಗಿಯ ಮಗ ತುಳಿಯುವುದು ಅವನ ಅಕ್ಕನಿಗೆ ಅಂದು ಸಿಕ್ಕ ಸೈಕಲ್. ಅದರ ಕ್ಯಾರಿಯರ್ ಮುರಿದು ಎಷ್ಟೋ ದಿನವಾಯಿತು. ಚೀಲ ಹ್ಯಾಂಡಲ್‌ಗೆ ನೇತುಹಾಕಿಕೊಂಡು ಹೊರಟವನು ರಾಯಚೂರಿನ ತೀನ್ ಕಂದೀಲ್ ವೃತ್ತದ ಹತ್ತಿರ ಬಿದ್ದ. ಚೀಲದ ಪಟ್ಟಿ ಮುಂದಿನ ಚಕ್ರದ ಕಡ್ಡಿಗೆ ಸುತ್ತಿಕೊಂಡಿತ್ತು. ಮೊಣಕಾಲು ತರಚಿ ರಕ್ತ ಸುರಿಯುತ್ತಿದ್ದರೂ ಹುಡುಗ ಮೊದಲು ಹುಡುಕಿದ್ದು ಗಟಾರಕ್ಕೆ ಬಿದ್ದ ವಿಜ್ಞಾನದ ನೋಟ್‌ಬುಕ್ಕನ್ನು.

ಒಂಬತ್ತು, ಹತ್ತನೇ ತರಗತಿಯವರ ಚೀಲ 5 ಕೆಜಿ ಮೀರಬಾರದೆಂದು 2019ರಲ್ಲಿ ಸರ್ಕಾರವೇ ಆದೇಶ ಹೊರಡಿಸಿದೆ. ಆ ಐದು ಕೆಜಿಯನ್ನು ಹಿಂದಿನ ಕ್ಯಾರಿಯರ್‌ಗೆ ಹಳೇ ಟ್ಯೂಬಿನಿಂದ ಬಿಗಿದರೆ ಭಾರ ಗಾಡಿಯ ಮೇಲೆ. ಹ್ಯಾಂಡಲ್‌ಗೆ ಹಾಕಿದರೆ ಗಾಡಿ ಒಂದು ಕಡೆ ಎಳೆಯುತ್ತದೆ. ಬೆನ್ನಿಗೆ ಹಾಕಿದರೆ ತಿರುವಿನಲ್ಲಿ ಮೈ ವಾಲುತ್ತದೆ, ನಮ್ಮ ಬಿಸಿಲಿಗೆ ಅಂಗಿ ಬೆನ್ನಿಗೆ ಅಂಟುತ್ತದೆ. ಆದೇಶ ಬರೆದವರು ಹೊರುವ ಮಗುವನ್ನು ಮರೆತರು!

"ಬಸ್ ಫ್ರೀ ಇದೆಯಲ್ಲ" ಎನ್ನುವವರೇ, ಶಕ್ತಿ ಯೋಜನೆ ಹೆಣ್ಣುಮಕ್ಕಳಿಗೆ. ಗಂಡುಹುಡುಗರು ಏನು ಮಾಡಬೇಕು? ಬಸ್ಸೇ ನಿಲ್ಲದ ಊರಲ್ಲಿ ಫ್ರೀ ಟಿಕೆಟ್ ನೆಕ್ಕಬೇಕೇ? "ಕೊಟ್ಟ ಸೈಕಲ್ ಮಾರಿಕೊಂಡರು" ಎನ್ನುತ್ತೀರಿ. ಯಾರೋ ಒಬ್ಬ ಮಾರಿಕೊಂಡರೆ ಊರಿನ ಮಕ್ಕಳೆಲ್ಲ ನಡೆಯಬೇಕೇ? ಹಾಗಾದರೆ ಪಡಿತರ ಅಕ್ಕಿಯನ್ನೂ ನಿಲ್ಲಿಸಿಬಿಡಿ!

ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371(ಜೆ) ಹೆಸರಲ್ಲಿ ಬ್ಯಾನರ್ ಕಟ್ಟುವ ಸಂಘಟನೆಗಳೇ, ನಿಮ್ಮನ್ನೂ ಕೇಳುತ್ತೇವೆ. ನಾವು ಮನವಿ ಪತ್ರ ಹಿಡಿದು ಬಂದಾಗ "ಇದು ಸಣ್ಣ ವಿಷಯ" ಎಂದು ಸಹಿ ಹಾಕದೆ ಕಳಿಸಿದಿರಿ. ಖಾಸಗಿ ಶಾಲೆಯ ವ್ಯಾನು ನಿಮ್ಮ ಬಾಗಿಲಿಗೇ ಬರುತ್ತದೆ, ಅದಕ್ಕೇ ನಿಮಗಿದು ಸಣ್ಣದು. ಗಾಂಧಿ ಜಯಂತಿಗೆ ಸೈಕಲ್ ಜಾಥಾ ಮಾಡಿ ಫೋಟೊ ತೆಗೆಸಿಕೊಳ್ಳುವವರೂ ಕೇಳಿಸಿಕೊಳ್ಳಿ: ನಿಮ್ಮ ಸೈಕಲ್ ಮೇಲೆ ಒಂದು ಚೀಲವಾದರೂ ಇತ್ತೇ?

ಏಮ್ಸ್ ಆಸ್ಪತ್ರೆಗಾಗಿ 2022ರಲ್ಲಿ ಧರಣಿ ಕೂತ ಜಿಲ್ಲೆ ನಮ್ಮದು. ಕೂರುವುದು ನಮಗೆ ಗೊತ್ತು. ಮಕ್ಕಳಿಗೆ ಸೈಕಲ್ ಸಿಗಲು ಸರ್ಕಾರ ಕೂಡಲೇ ದಾರಿ ಮಾಡಲಿ. ಹೇಗೆ ಎಂದು ನಮ್ಮನ್ನು ಕೇಳಬೇಡಿ, ಆಳುವವರು ನೀವು!

ಸೋಮವಾರ ಬೆಳಗ್ಗೆ 10 ಗಂಟೆಗೆ ಜಿಲ್ಲಾಧಿಕಾರಿ ಕಚೇರಿಗೆ ಬನ್ನಿ. ಮಕ್ಕಳ ಚೀಲವನ್ನು ಪುಸ್ತಕ ತುಂಬಿಕೊಂಡೇ ತನ್ನಿ. ಮುರಿದ ಸೈಕಲ್ ಇದ್ದರೆ ತಳ್ಳಿಕೊಂಡು ಬನ್ನಿ.

— ಸರ್ಕಾರಿ ಶಾಲೆ ಮಕ್ಕಳ ಪೋಷಕರು
(ಓದಿದ ಮೇಲೆ ಪಕ್ಕದ ಮನೆಯವರಿಗೆ ಕೊಡಿ)