ಜಾರ್ ಗುರುತಿಸುವ ಮಿಕ್ಸರ್: ಆಯ್ಕೆ ಯಾರದು?

ಜಾರ್ ಕೂರಿಸಿದೊಡನೆ ಅದಾವುದೆಂದು ತಾನೇ ಗುರುತಿಸಿ, ವೇಗ ಮತ್ತು ಅವಧಿಯನ್ನು ಹೊಂದಿಸಿಕೊಳ್ಳುವ ಮಿಕ್ಸರ್‌ಗಳು ಬಂದಿವೆ. ಅಮೆರಿಕದ ವೈಟಾಮಿಕ್ಸ್ ಕಂಪನಿಯ ಅಸೆಂಟ್ ಸರಣಿ ಇದಕ್ಕೊಂದು ಉದಾಹರಣೆ. ಜಾರ್ ಸರಿಯಾಗಿ ಕೂರದಿದ್ದರೆ ಮೋಟರ್ ತಿರುಗದು. ಸುರಕ್ಷತೆಯ ದೃಷ್ಟಿಯಿಂದ ಇದು ಸ್ವಾಗತಾರ್ಹವೇ.

ಆದರೆ ಗುರುತಿಸಬಲ್ಲ ಯಂತ್ರ ನಿರಾಕರಿಸಲೂ ಬಲ್ಲದು. ಪ್ರಿಂಟರ್ ತಯಾರಕರು ಶಾಯಿಯ ಕಾರ್ಟ್ರಿಜ್‌ಗೆ ಚಿಪ್ ಅಳವಡಿಸಿ ಅನ್ಯರ ಕಾರ್ಟ್ರಿಜ್‌ಗಳನ್ನು ಹೊರಗಿಟ್ಟ ಕಥೆ ಸರ್ಕಾರಿ ಕಚೇರಿಗಳಿಗೆ ಚೆನ್ನಾಗಿ ಗೊತ್ತು. ಯಂತ್ರ ಅಗ್ಗ, ಬಿಡಿಭಾಗ ತುಟ್ಟಿ.

ರೋಣ ತಾಲ್ಲೂಕಿನ ಬೆಳವಣಕಿಯಂತಹ ಊರಿನಲ್ಲಿ ಮಿಕ್ಸರಿನ ಆಯುಷ್ಯ ನಿಂತಿರುವುದೇ ದುರಸ್ತಿಯ ಮೇಲೆ. ಶೇಂಗಾ, ಗುರೆಳ್ಳು, ಒಣಮೆಣಸಿನಕಾಯಿ ಪುಡಿ ಮಾಡಿ ಮಾಡಿ ಬ್ಲೇಡ್, ಕಪ್ಲರ್‌ಗಳು ಸವೆಯುತ್ತವೆ. ಬದಲಿ ಭಾಗ ಯಾವ ಕಂಪನಿಯದಾದರೇನು, ಹೊಂದಿದರೆ ಸಾಕು. ಅದನ್ನೇ ಚಿಪ್ ತಡೆದರೆ, ಗೃಹಜ್ಯೋತಿಯಿಂದ ಉಳಿದ ಹಣ ಹೊಸ ಜಾರ್‌ಗೆ ಹೋದೀತು!

ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರಲ್ಲಿ ದುರಸ್ತಿಯ ಹಕ್ಕಿಗಾಗಿ ಪೋರ್ಟಲ್ ತೆರೆಯಿತು. ಅದು ಮಾಹಿತಿ ನೀಡುವ ತಾಣವೇ ಹೊರತು ಕಾನೂನಲ್ಲ. ಅನ್ಯರ ಜಾರ್ ಅನ್ನು ಯಂತ್ರ ತಿರಸ್ಕರಿಸುವುದಾದರೆ, ಆ ಸಂಗತಿಯನ್ನು ಪೆಟ್ಟಿಗೆಯ ಮೇಲೆ, ಬೆಲೆಯ ಪಕ್ಕದಲ್ಲೇ, ಕನ್ನಡದಲ್ಲಿ ಮುದ್ರಿಸುವುದನ್ನಾದರೂ ಸರ್ಕಾರ ಕಡ್ಡಾಯಗೊಳಿಸಲಿ.