ಮತ್ಸ್ಯಕನ್ಯೆಯ ನಾಮಕರಣ

ಸೊಂಟದಿಂದ ಕೆಳಗೆ ಸಿಲಿಕೋನಿನ ಬಾಲವನ್ನು ತೊಟ್ಟು, ಗಾಜಿನ ಗೋಡೆಯ ಹಿಂದೆ ಉಸಿರು ಬಿಗಿಹಿಡಿದು, ಉಪ್ಪುನೀರಾಗಲಿ ಕ್ಲೋರಿನ್ ಬೆರೆಸಿದ ನೀರಾಗಲಿ ಕಣ್ಣನ್ನು ತೆರೆದುಕೊಂಡೇ ಮುಗುಳ್ನಗುತ್ತ ಈಜಿ, ನೋಡಲು ಬಂದ ಮಕ್ಕಳ ಕಡೆಗೆ ಕೈಬೀಸುವುದನ್ನೇ ಜೀವನೋಪಾಯವಾಗಿ ಮಾಡಿಕೊಂಡವರು ಅಮೆರಿಕ, ಆಸ್ಟ್ರೇಲಿಯ ಮೊದಲಾದ ದೇಶಗಳಲ್ಲಿ ಇಂದು ಸಾಕಷ್ಟು ಮಂದಿ ಇದ್ದಾರೆ. ಹುಟ್ಟುಹಬ್ಬಗಳಿಗೆ, ಮತ್ಸ್ಯಾಲಯಗಳಿಗೆ, ಹೋಟೆಲುಗಳ ಈಜುಕೊಳಗಳಿಗೆ, ಜಾಹೀರಾತುಗಳ ಚಿತ್ರೀಕರಣಕ್ಕೆ ಅವರನ್ನು ಗೊತ್ತುಮಾಡಿ ಕರೆಸುವ ವಾಡಿಕೆ ಬೆಳೆದಿದೆ. ಇದು ಶರೀರಶ್ರಮವನ್ನೂ ಧೈರ್ಯವನ್ನೂ ಬೇಡುವ ಕಲೆ. ಕಲೆಯಂತೆಯೇ ವ್ಯಾಪಾರವೂ ಹೌದು. ವ್ಯಾಪಾರವೆಂದ ಮೇಲೆ ಅದಕ್ಕೊಂದು ಹೆಸರು ಬೇಕು. ಆ ಹೆಸರನ್ನು ಹುಡುಕುವಾಗ ಈ ವೃತ್ತಿಯ ಬಹುಜನರು ಮುತ್ತು, ಹವಳ, ಅಲೆ, ಸೈರನ್, ಅಕ್ವಾ, ಅಟ್ಲಾಂಟಿಸ್ ಎಂಬ ಕಡಲಿನ ಸಾಮಾನ್ಯ ಭಂಡಾರಕ್ಕೆ ಕೈಹಾಕಿ, ಸಿಕ್ಕ ಎರಡು ಪದಗಳನ್ನು ಪೋಣಿಸಿ ತೃಪ್ತರಾಗುವುದನ್ನು ನೋಡಿದರೆ, ನೀರಿನೊಳಗೆ ಅಷ್ಟು ಸಾಹಸ ಮಾಡುವವರಿಗೆ ದಡದ ಮೇಲೆ ಇಷ್ಟು ಅಂಜಿಕೆ ಏಕೆಂಬ ಪ್ರಶ್ನೆ ಮೂಡದಿರುವುದಿಲ್ಲ. ಇಂಥ ಮೇಳದ ಹೆಸರು ಒಂದೋ ಅದರ ನೀರಿರುವ ಊರಿನದಾಗಿರಬೇಕು, ಇಲ್ಲವೇ ಆ ನೀರಿಗೆ ಇಳಿಯುವ ವ್ಯಕ್ತಿಯದಾಗಿರಬೇಕು ಎಂಬುದು ನನ್ನ ಮತ.

ಊರಿನ ಹೆಸರಿನ ಬಲಕ್ಕೆ ಫ್ಲಾರಿಡಾದಲ್ಲಿ ಒಂದು ದೊಡ್ಡ ಸಾಕ್ಷಿಯಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ನೌಕಾದಳದ ಮುಳುಗುಭಟರಿಗೆ ನೀರೊಳಗಿನ ಈಜನ್ನು ಕಲಿಸಿದ್ದ ನ್ಯೂಟನ್ ಪೆರಿ ಎಂಬಾತನು ಯುದ್ಧ ಮುಗಿದ ಬಳಿಕ ಆ ಸಂಸ್ಥಾನದ ಪಶ್ಚಿಮ ಕರಾವಳಿಗೆ ಅನತಿದೂರದಲ್ಲಿದ್ದ ಒಂದು ಬುಗ್ಗೆಯನ್ನು ಕಂಡನು. ತುಕ್ಕುಹಿಡಿದ ರೆಫ್ರಿಜರೇಟರುಗಳೂ ಹಾಳು ಕಾರುಗಳೂ ಬಿದ್ದು ಅದು ತಿಪ್ಪೆಗುಂಡಿಯಾಗಿತ್ತು. ಅದೆಲ್ಲವನ್ನೂ ತೆಗೆಸಿ, ದಡದ ಸುಣ್ಣಕಲ್ಲಿನಲ್ಲಿ ನೀರಿನ ಮಟ್ಟಕ್ಕಿಂತ ಕೆಳಗೆ 18 ಆಸನಗಳ ಒಂದು ಪುಟ್ಟ ರಂಗಮಂದಿರವನ್ನು ಕಟ್ಟಿಸಿ, ರಬ್ಬರಿನ ಕೊಳವೆಯಿಂದ ಆಗಾಗ ಗಾಳಿಯನ್ನು ಹೀರಿಕೊಳ್ಳುತ್ತ ನೀರಿನಡಿಯಲ್ಲಿಯೇ ನರ್ತಿಸುವ, ಬಾಳೆಯಹಣ್ಣು ತಿನ್ನುವ, ಸೀಸೆಯಿಂದ ಪಾನೀಯ ಕುಡಿಯುವ ವಿದ್ಯೆಯನ್ನು ಸುತ್ತಲಿನ ತರುಣಿಯರಿಗೆ ಅಭ್ಯಾಸ ಮಾಡಿಸಿ, 1947ರ ಅಕ್ಟೋಬರ್ 13ರಂದು ಆಟವನ್ನು ಆರಂಭಿಸಿದನು. ಬುಗ್ಗೆಯ ಮುಂದಿನ 19ನೆಯ ಹೆದ್ದಾರಿಯಲ್ಲಿ ಆಗ ವಾಹನಗಳೇ ವಿರಳ; ದೂರದಲ್ಲಿ ಕಾರಿನ ಸದ್ದು ಕೇಳಿದೊಡನೆ ಹುಡುಗಿಯರು ಈಜುಡುಪಿನಲ್ಲಿಯೇ ರಸ್ತೆಯಂಚಿಗೆ ಓಡಿ, ಪ್ರಯಾಣಿಕರನ್ನು ಕೈಬೀಸಿ ಕರೆತಂದು, ಅವರು ಆಸನಗಳಲ್ಲಿ ಕುಳಿತುಕೊಳ್ಳುವಷ್ಟರಲ್ಲಿ ತಾವು ನೀರಿಗೆ ಹಾರಿ ಆಟವನ್ನು ತೋರಿಸುತ್ತಿದ್ದರಂತೆ.

ಗಮನಿಸಬೇಕಾದ ಸಂಗತಿಯೆಂದರೆ, ಪೆರಿ ತನ್ನ ರಂಗಕ್ಕೆ ಹೊಸ ಹೆಸರನ್ನು ಹುಡುಕುವ ಗೋಜಿಗೆ ಹೋಗಲಿಲ್ಲ. ಆ ಬುಗ್ಗೆಯನ್ನು ಸೆಮಿನೋಲ್ ಜನರು ವೀಕಿ ವಾಚಿ ಎಂದು ಕರೆಯುತ್ತಿದ್ದರು. ಸಣ್ಣ ಬುಗ್ಗೆ ಎಂಬಷ್ಟೇ ಅದರ ಅರ್ಥವೆಂದು ಹೇಳುತ್ತಾರೆ. ಅದನ್ನೇ ಅವನು ಉಳಿಸಿಕೊಂಡನು. ಆ ಹೆಸರಿನಲ್ಲಿ ಮತ್ಸ್ಯವೂ ಇಲ್ಲ, ಕನ್ಯೆಯೂ ಇಲ್ಲ. ಆದರೂ 1959ರಲ್ಲಿ ಅಮೆರಿಕನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಆ ಸ್ಥಳವನ್ನು ಕೊಂಡು 400 ಆಸನಗಳ ಮಂದಿರವನ್ನು ಕಟ್ಟಿಸಿದಾಗಲೂ, 1961ರಲ್ಲಿ ಎಲ್ವಿಸ್ ಪ್ರೆಸ್ಲಿ ಬಂದು ಆಟವನ್ನು ನೋಡಿ ಹೋದಾಗಲೂ ಹೆಸರು ಬದಲಾಗಲಿಲ್ಲ. 1966ರಲ್ಲಿ ನಡೆದದ್ದು ಇನ್ನೂ ವಿನೋದಕರವಾದುದು: ನಕ್ಷೆಗಳಲ್ಲಿಯೂ ಮಾರ್ಗಫಲಕಗಳಲ್ಲಿಯೂ ಆ ಹೆಸರು ಅಧಿಕೃತವಾಗಿ ಕಾಣಿಸಬೇಕೆಂಬ ಆಸೆಯಿಂದ, ಬೆರಳೆಣಿಕೆಯ ಜನ ವಾಸಿಸುತ್ತಿದ್ದ ಆ ಸ್ಥಳವನ್ನು ವಿಧ್ಯುಕ್ತವಾಗಿ ಒಂದು ನಗರವನ್ನಾಗಿಯೇ ಮಾಡಿಬಿಟ್ಟರು. ಬುಗ್ಗೆಯಲ್ಲಿ ಹಿಂದೆ ಈಜಿದ್ದವರೊಬ್ಬರು ಮುಂದೆ ಆ ನಗರದ ಮೇಯರ್ ಆದದ್ದೂ ಉಂಟು; 2010ರ ಜನಗಣತಿಯಲ್ಲಿ ಅದರ ಜನಸಂಖ್ಯೆ 12. ಒಂದು ಆಟದ ಹೆಸರು ನಕ್ಷೆಯಲ್ಲಿ ಕಾಣಿಸಲೆಂದು ಒಂದು ನಗರವನ್ನೇ ಸೃಷ್ಟಿಸಿದ ನಿದರ್ಶನ ವ್ಯಾಪಾರದ ಚರಿತ್ರೆಯಲ್ಲಿ ಮತ್ತೊಂದಿದೆಯೋ ಇಲ್ಲವೋ. 2008ರಲ್ಲಿ ಬುಗ್ಗೆ ಫ್ಲಾರಿಡಾದ ಸರಕಾರಿ ಉದ್ಯಾನವಾಯಿತು. 2020ರಲ್ಲಿ ಆ ಸಂಸ್ಥಾನದ ಶಾಸನಸಭೆ ಆ ನಗರವನ್ನು ರದ್ದುಪಡಿಸಿತು. ಹೆಸರನ್ನು ರದ್ದುಪಡಿಸುವುದು ಯಾರಿಂದಲೂ ಆಗಲಿಲ್ಲ. ಆಟ ಈಗಲೂ ಅದೇ ಹೆಸರಿನಲ್ಲಿ ನಡೆಯುತ್ತಿದೆ.

ಕನ್ನಡ ರಂಗಭೂಮಿಯ ಚರಿತ್ರೆಯನ್ನು ಬಲ್ಲವರಿಗೆ ಇದು ಹೊಸ ಸಂಗತಿಯೇನೂ ಅಲ್ಲ. 1884ರಲ್ಲಿ ಗುಬ್ಬಿ ಎಂಬ ಊರಿನಲ್ಲಿ ಹುಟ್ಟಿದ ಒಂದು ನಾಟಕ ಮಂಡಳಿಯು ಶ್ರೀ ಚನ್ನಬಸವೇಶ್ವರ ಸ್ವಾಮಿಯ ಕೃಪಾಪೋಷಿತವೆಂಬ ದೀರ್ಘನಾಮವನ್ನು ಧರಿಸಿತ್ತಾದರೂ, ಗಾಡಿ ಕಟ್ಟಿಕೊಂಡು ಆಟ ನೋಡಲು ಬಂದ ಜನರ ಬಾಯಲ್ಲಿ ಅದು ಗುಬ್ಬಿ ಕಂಪನಿಯೇ ಆಯಿತು. ಪ್ರೇಕ್ಷಕನು ಹೆಸರನ್ನು ತನ್ನ ನಾಲಗೆಗೆ ತಕ್ಕಂತೆ ಕತ್ತರಿಸಿಕೊಳ್ಳುತ್ತಾನೆ. ಕತ್ತರಿಸಿದ ಮೇಲೆ ಉಳಿಯುವುದು ಊರು, ಇಲ್ಲವೇ ಆಳು.

ಇದಕ್ಕೆ ವಿರುದ್ಧವಾದ ನಿದರ್ಶನವನ್ನು ಟೆಕ್ಸಸ್ ಸಂಸ್ಥಾನದ ಸ್ಯಾನ್ ಮಾರ್ಕೋಸ್ ಒದಗಿಸುತ್ತದೆ. ಅಲ್ಲಿಯ ಅಕ್ವರೀನಾ ಎಂಬ ವಿಹಾರಸ್ಥಳದಲ್ಲಿ 1951ರಲ್ಲಿ ನೀರಿನೊಳಕ್ಕೆ ಮುಳುಗುವ ರಂಗಮಂದಿರವೊಂದನ್ನು ತೆರೆದರು. ಅಲ್ಲಿ ಈಜುತ್ತಿದ್ದ ತರುಣಿಯರಿಗೆಲ್ಲ ಒಟ್ಟಾಗಿ ಅಕ್ವಾಮೇಡ್ ಎಂಬ ಒಂದೇ ಹೆಸರು. ಅವರ ಜೊತೆಯಲ್ಲಿ ನೀರಿಗೆ ಹಾರಿ ಈಜುವ ಒಂದು ಹಂದಿಯೂ ಇತ್ತು. ಅದಕ್ಕೆ ರಾಲ್ಫ್ ಎಂದು ಪ್ರತ್ಯೇಕವಾದ ಹೆಸರಿಟ್ಟಿದ್ದರು. ಆ ವಿಹಾರಸ್ಥಳ ಮುಚ್ಚಿಹೋಗಿ ಎಷ್ಟೋ ವರ್ಷಗಳಾದವು. ಇಂದಿಗೂ ಅದರ ಮಾತು ಬಂದಾಗ ಮೊದಲು ಕೇಳಿಬರುವ ಹೆಸರು ಹಂದಿಯದು.

ಇನ್ನು ವ್ಯಕ್ತಿಯ ಹೆಸರಿನ ವಿಚಾರ. ಈ ಕಲೆಗೆ ಮೂಲಪುರುಷನಿಲ್ಲ, ಮೂಲಸ್ತ್ರೀಯುಂಟು ಎನ್ನುವುದಾದರೆ ಆಕೆ ಆನೆಟ್ ಕೆಲರ್‌ಮನ್. ಸಿಡ್ನಿ ಪ್ರಾಂತದಲ್ಲಿ 1886ರಲ್ಲಿ ಜನಿಸಿ, ಬಾಲ್ಯದಲ್ಲಿ ಕಾಲುಗಳು ಬಲಹೀನವಾಗಿ, ಅವಕ್ಕೆ ಶಕ್ತಿ ಬರಲೆಂದು ಈಜು ಕಲಿತು, 1907ರಲ್ಲಿ ನ್ಯೂಯಾರ್ಕಿನ ಹಿಪೊಡ್ರೋಮ್ ರಂಗಮಂದಿರದಲ್ಲಿ ಗಾಜಿನ ತೊಟ್ಟಿಯೊಳಗೆ ಜಲನೃತ್ಯವನ್ನು ತೋರಿಸಿ, 1914ರಲ್ಲಿ ‘ನೆಪ್ಚೂನ್ಸ್ ಡಾಟರ್’ ಎಂಬ ಮೂಕಚಿತ್ರದಲ್ಲಿ ಮತ್ಸ್ಯಕನ್ಯೆಯಾದವಳು ಆಕೆ. ಆಸ್ಟ್ರೇಲಿಯದ ಮತ್ಸ್ಯಕನ್ಯೆ ಎಂಬ ಬಿರುದನ್ನು ಲೋಕವೇ ಕೊಟ್ಟಿತು. ಭಿತ್ತಿಪತ್ರದ ಮೇಲೆ ಆಕೆ ಹಾಕಿಸಿಕೊಂಡದ್ದು ತನ್ನ ಹೆಸರನ್ನು. ಆಕೆಯ ಹೆಸರು ಎಷ್ಟು ಬೆಲೆಬಾಳಿತೆಂದರೆ, ಹೆಂಗಸರ ಒಂದೇ ತುಂಡಿನ ಈಜುಡುಪು ಆ ಹೆಸರಿನಿಂದಲೇ ಅಂಗಡಿಗಳಲ್ಲಿ ಮಾರಾಟವಾಯಿತು. ಇಂದಿನವರಲ್ಲಿಯೂ ಹೆಚ್ಚು ಪ್ರಸಿದ್ಧರಾದವರು ಇದೇ ಮಾರ್ಗವನ್ನು ಹಿಡಿದಿದ್ದಾರೆ: ತಿಮಿಂಗಿಲ, ಷಾರ್ಕುಗಳ ಸಂಗಡ ಈಜಿ ಹೆಸರಾದ ಆಸ್ಟ್ರೇಲಿಯದ ಹನ್ನಾ ಫ್ರೇಸರ್ ತಮ್ಮನ್ನು ಹನ್ನಾ ಮರ್‌ಮೇಡ್ ಎಂದಷ್ಟೇ ಕರೆದುಕೊಂಡರು.

ಆದರೆ ಸ್ವನಾಮದಲ್ಲಿ ಒಂದು ತೊಡಕುಂಟು. ಒಂದೇ ಭಾನುವಾರ ಎರಡು ಕಡೆಯಿಂದ ಕರೆ ಬಂದಾಗ, ಒಡತಿ ಒಂದು ಕಡೆಗೆ ಹೋಗಿ ಇನ್ನೊಂದು ಕಡೆಗೆ ಶಿಷ್ಯೆಯನ್ನು ಕಳುಹಿಸಿದರೆ, ಹನ್ನಾಳನ್ನು ಕರೆಸಿದವರ ಮನೆಗೆ ಹನ್ನಾಳಲ್ಲದವಳು ಹೋದಂತಾಗುತ್ತದೆ. ಭುಜ ನೋಯಬಹುದು, ಕಿವಿ ಕೆಡಬಹುದು, ವಯಸ್ಸಂತೂ ಆಗಿಯೇ ಆಗುತ್ತದೆ, ವ್ಯಾಪಾರವನ್ನು ಮಾರಬೇಕಾಗಿ ಬಂದರೆ ಹೆಸರನ್ನೂ ಮಾರಬೇಕಾಗುತ್ತದೆ. ಆದುದರಿಂದ ಒಬ್ಬಳೇ ಈಜುವವಳಿಗೆ ತನ್ನ ಹೆಸರೂ, ನಾಲ್ಕಾರು ಮಂದಿಯ ಮೇಳಕ್ಕೆ ನೀರಿನ ಅಥವಾ ಊರಿನ ಹೆಸರೂ ಯುಕ್ತವೆಂದು ತೋರುತ್ತದೆ.

ಸಾಮಾನ್ಯ ಭಂಡಾರದ ಪದಗಳಿಗೆ ನಾನು ಒಲಿಯದಿರುವುದಕ್ಕೆ ರುಚಿಯೊಂದೇ ಕಾರಣವಲ್ಲ; ಕಾನೂನೂ ಅವುಗಳ ಕೈಹಿಡಿಯುವುದಿಲ್ಲ. ಸರಕಿನ ಅಥವಾ ಸೇವೆಯ ಸ್ವರೂಪವನ್ನು ವರ್ಣಿಸುವುದಷ್ಟೇ ಕೆಲಸವಾಗಿರುವ ಪದವು ಒಬ್ಬರ ಸ್ವತ್ತಾಗಕೂಡದೆಂಬುದು ಮುದ್ರಾನಾಮಗಳ ಶಾಸನದ ಮೂಲತತ್ತ್ವ. ನಮ್ಮ ದೇಶದ 1999ರ ಟ್ರೇಡ್ ಮಾರ್ಕ್ಸ್ ಕಾಯಿದೆಯ 9ನೆಯ ಪ್ರಕರಣವೂ, ದೀರ್ಘಕಾಲದ ಬಳಕೆಯಿಂದ ವೈಶಿಷ್ಟ್ಯವನ್ನು ಗಳಿಸಿಕೊಂಡ ಹೆಸರುಗಳನ್ನು ಬಿಟ್ಟು ಉಳಿದವುಗಳ ವಿಷಯದಲ್ಲಿ ಇದನ್ನೇ ಹೇಳುತ್ತದೆ. ಅಮೆರಿಕದಲ್ಲಿ ಬೊಂಬೆಗಳ ವ್ಯಾಪಾರಿಯೊಬ್ಬರು ‘ಲಿಟ್ಲ್ ಮರ್‌ಮೇಡ್’ ಎಂಬ ಹೆಸರನ್ನು ತಮ್ಮ ಬೊಂಬೆಗಳಿಗೆ ಮೀಸಲಾಗಿ ನೋಂದಾಯಿಸಿಕೊಳ್ಳಲು ಹೋದಾಗ, ಅದೇ ಹೆಸರಿನ ಪ್ರಸಿದ್ಧ ಕಥೆಯ ಪಾತ್ರವನ್ನು ಹೋಲುವ ಯಾವ ಬೊಂಬೆಗೂ ಸಲ್ಲುವ ವರ್ಣನೆ ಅದೆಂದು ಅಲ್ಲಿಯ ಮೇಲ್ಮನವಿ ಮಂಡಲಿ 2017ರಲ್ಲಿ ನಿರಾಕರಿಸಿತು. ಕಥೆಗಾರ ಆ್ಯಂಡರ್ಸನ್ 1837ರಲ್ಲಿ ಪ್ರಕಟಿಸಿದ ಆ ಕಥೆ ಇಂದು ಲೋಕದ ಸ್ವತ್ತು. ಅದರಲ್ಲಿಯ ಕನ್ಯೆಗೆ ಹೆಸರೇ ಇಲ್ಲ. ಏರಿಯಲ್ ಎಂಬ ಹೆಸರನ್ನೂ ಕೆಂಪು ಕೂದಲನ್ನೂ ಅವಳಿಗೆ ಕೊಟ್ಟದ್ದು ಡಿಸ್ನಿಯವರ 1989ರ ಚಲನಚಿತ್ರ. ಹುಟ್ಟುಹಬ್ಬಕ್ಕೆ ಏರಿಯಲ್ ಬರುವಳೆಂದು ಜಾಹೀರಾತು ಹಾಕುವವರು ಪರರ ಮನೆಯಲ್ಲಿ ಬಾಡಿಗೆಯಿಲ್ಲದೆ ವಾಸಮಾಡಲು ಹೊರಟವರು. ಎಂದಾದರೊಂದು ದಿನ ವಕೀಲರ ಪತ್ರ ಬಂದೇ ಬರುವುದು. ಸೈರನ್ ಎಂಬುದೂ ಅಂಥ ಕ್ಷೇಮದ ಹೆಸರಲ್ಲ. ಪ್ರಾಚೀನ ಗ್ರೀಕರ ಚಿತ್ರಗಳಲ್ಲಿ ಸೈರನ್ನರು ಹಕ್ಕಿಯ ದೇಹದ ಹೆಂಗಸರು. ಮೀನಿನ ಬಾಲ ಬಂದದ್ದು ಮಧ್ಯಯುಗದಲ್ಲಿ. ಮೊದಲಿನಿಂದಲೂ ಅವರ ಉದ್ಯೋಗ ನಾವಿಕರನ್ನು ಹಾಡಿ ಮರುಳುಮಾಡಿ ಕೊಲ್ಲುವುದು. ಐದು ವರ್ಷದ ಮಗುವಿನ ಹುಟ್ಟುಹಬ್ಬಕ್ಕೆ ಅಂಥವರನ್ನು ಆಹ್ವಾನಿಸುವ ತಾಯಿತಂದೆಯರ ಧೈರ್ಯ ದೊಡ್ಡದು.

ಮತ್ಸ್ಯಕನ್ಯೆ ಎಂಬ ಪದವೇ ಹೆಸರಿನಲ್ಲಿಲ್ಲದಿದ್ದರೆ ಗಿರಾಕಿಗಳು ಹುಡುಕುವುದು ಹೇಗೆಂದು ಕೆಲವರು ಕೇಳಬಹುದು. ಹೆಸರಿನ ಪಕ್ಕದಲ್ಲಿ ಚಿತ್ರವಿರುತ್ತದೆ, ಚಿತ್ರದಲ್ಲಿ ಬಾಲವಿರುತ್ತದೆ, ಹೆಸರಿನ ಕೆಳಗೆ ಒಂದು ಸಾಲಿನ ವಿವರಣೆ ಬರೆಯಬಾರದೆಂದು ಯಾವ ಕಾನೂನೂ ಹೇಳಿಲ್ಲ. ಸ್ಟಾರ್‌ಬಕ್ಸ್ ಎಂಬ ಕಾಫಿ ವ್ಯಾಪಾರಿಗಳು 1971ರಿಂದಲೂ ಎರಡು ಬಾಲದ ಜಲಸ್ತ್ರೀಯನ್ನೇ ಲಾಂಛನವಾಗಿ ಇಟ್ಟುಕೊಂಡಿದ್ದಾರೆ. ಅವರ ಹೆಸರು ಮಾತ್ರ ‘ಮೋಬಿ ಡಿಕ್’ ಕಾದಂಬರಿಯ ಹಡಗಿನ ಅಧಿಕಾರಿಯದು. ಕಣ್ಣಿಗೆ ಕಂಡದ್ದನ್ನು ಕಿವಿಗೆ ಮತ್ತೊಮ್ಮೆ ಹೇಳಬೇಕಾಗಿಲ್ಲ. ಈ ನಿಯಮಕ್ಕೆ ನಾನು ಒಪ್ಪುವ ಒಂದು ಅಪವಾದವುಂಟು: ಬಾಲಗಳನ್ನು ಹೊಲಿಯುವ ಫ್ಲಾರಿಡಾದ ಎರಿಕ್ ಡುಷಾರ್ಮ್ ತಮ್ಮ ಅಂಗಡಿಗೆ ಮರ್‌ಟೇಲರ್ ಎಂದು ಹೆಸರಿಟ್ಟರು. ದರ್ಜಿಯ ಇಂಗ್ಲಿಷ್ ಪದದಲ್ಲಿ ಬಾಲದ ಸದ್ದೂ ಅಡಗಿರುವುದರಿಂದ ಆ ಚಮತ್ಕಾರ ಅವರ ಕಸುಬಿಗೆ ಮಾತ್ರ ಸಲ್ಲುತ್ತದೆ. ಅದನ್ನು ನೋಡಿ ತಮ್ಮ ಹೆಸರಿಗೂ ‘ಮರ್’ ಎಂಬ ತಲೆಯನ್ನು ಅಂಟಿಸಿಕೊಂಡ ಅನೇಕರಿಗೆ ಸಲ್ಲುವುದಿಲ್ಲ.

ಹೆಸರಿನ ನಿಜವಾದ ಪರೀಕ್ಷೆ ನಡೆಯುವುದು ನೋಂದಣಿ ಕಚೇರಿಯಲ್ಲಿ ಅಲ್ಲ, ಕೊಳದ ಅಂಚಿನಲ್ಲಿ. ಸಿಲಿಕೋನಿನ ಬಾಲ ಹದಿನೈದು ಇಪ್ಪತ್ತು ಕಿಲೋಗ್ರಾಂ ತೂಗುತ್ತದೆ. ಕಾಲಿಗೆ ಜಾರುವ ದ್ರವವನ್ನು ಬಳಿದುಕೊಂಡು, ನೆಲದ ಮೇಲೆ ಕುಳಿತು, ಅದರೊಳಗೆ ಅಂಗುಲ ಅಂಗುಲವಾಗಿ ಇಳಿಯಬೇಕು. ತೊಟ್ಟ ಮೇಲೆ ನಡೆಯುವಂತಿಲ್ಲ, ಸಹಾಯಕರೇ ಎತ್ತಿ ನೀರಿನಂಚಿಗೆ ತಂದು ಕೂರಿಸಬೇಕು. ಹಾಗೆ ಕೂರಿಸಿದ ಮರುಕ್ಷಣದಲ್ಲಿ ಮಕ್ಕಳು ಮುತ್ತಿಕೊಂಡು, ಬಾಲ ನಿಜವೇ, ಏನು ತಿನ್ನುತ್ತೀಯೆ, ನಿನ್ನ ಹೆಸರೇನು, ಯಾವ ಸಮುದ್ರದಿಂದ ಬಂದೆ ಎಂದು ಕೇಳುತ್ತಾರೆ. ಆ ಕೊನೆಯ ಎರಡು ಪ್ರಶ್ನೆಗಳಿಗೆ ಒಂದೇ ಉಸಿರಿನಲ್ಲಿ, ಮುಖದ ನಗು ಮಾಸದಂತೆ ಉತ್ತರ ಕೊಡಲು ಬರುವ ಹೆಸರೇ ಹೆಸರು. ಮಗು ಅದನ್ನು ತೊದಲದೆ ಹೇಳಿ ಮರುದಿನ ಶಾಲೆಯಲ್ಲಿ ಗೆಳೆಯರಿಗೆ ತಿಳಿಸುವಂತಿದ್ದರೆ ಬೇರೆ ಪ್ರಚಾರವೇ ಬೇಡ. ‘ಅಕ್ವಾ ಎನ್‌ಚಾಂಟ್‌ಮೆಂಟ್ಸ್’ ಎಂಬಂಥ ಹೆಸರನ್ನು ಯಾವ ಮಗುವೂ ಮನೆಯವರೆಗೆ ಹೊತ್ತುಕೊಂಡು ಹೋಗಲಾರದು.

ವೀಕಿ ವಾಚಿಯನ್ನು ಇಷ್ಟು ಹೊಗಳಿದ ಮೇಲೆ ಅದರ ಕೊರತೆಯನ್ನೂ ಹೇಳಬೇಕು. ಅಲ್ಲಿ ಬುಗ್ಗೆಗೆ ಬಂದಷ್ಟು ಕೀರ್ತಿ ಬುಗ್ಗೆಯಲ್ಲಿ ಈಜಿದವರಿಗೆ ಬರಲಿಲ್ಲ. ವಾರಾನುವಾರ 23 ಡಿಗ್ರಿ ಉಷ್ಣತೆಯ ನೀರಿನಲ್ಲಿ ನಡುಗದವರಂತೆ ನಟಿಸಿದ ಆ ತರುಣಿಯರನ್ನು ಪ್ರೇಕ್ಷಕರು ಬಾಲಗಳ ಬಣ್ಣದಿಂದ ಗುರುತಿಸಿ ಮರೆತರು. ಅವರಲ್ಲಿ ಕೆಲವರು ಮುಪ್ಪಿನಲ್ಲಿ ‘ಲೆಜೆಂಡರಿ ಸೈರನ್ಸ್’ ಎಂಬ ಮೇಳವಾಗಿ ಅದೇ ಬುಗ್ಗೆಗೆ ಮರಳಿ ಆಟ ತೋರಿಸುತ್ತಿದ್ದಾರೆ. ಸೈರನ್ ಪದಕ್ಕೆ ಅವರಿಗೆ ಮಾತ್ರ ನನ್ನ ರಿಯಾಯಿತಿಯುಂಟು. ಪ್ರಾಯಕ್ಕೆ ಬಗ್ಗದವರನ್ನು ಅಪಾಯಕಾರಿಗಳೆಂದು ಕರೆದರೆ ತಪ್ಪಾಗದು. ಮೇಳಕ್ಕೆ ಊರಿನ ಹೆಸರಿರಲಿ. ಅದರ ಕೆಳಗೆ ಆ ದಿನ ನೀರಿಗೆ ಇಳಿಯುವವರ ಹೆಸರುಗಳೂ ಇರಲಿ. ಸ್ವನಾಮ ಬೇಡವೆನ್ನುವವರು ತಾವೇ ಆರಿಸಿಕೊಂಡ ಜಲನಾಮವನ್ನು ಹಾಕಿಸಿಕೊಳ್ಳಬಹುದು.

ನಮ್ಮ ನಗರಗಳ ವಸ್ತುಪ್ರದರ್ಶನದ ಮೈದಾನಗಳಿಗೂ ಇತ್ತೀಚಿನ ವರ್ಷಗಳಲ್ಲಿ ಗಾಜಿನ ತೊಟ್ಟಿಗಳೊಂದಿಗೆ ಮತ್ಸ್ಯಕನ್ಯೆಯರ ಆಟ ಬರತೊಡಗಿದೆ. ಅದನ್ನು ಏರ್ಪಡಿಸುವವರಲ್ಲಿ ನನ್ನದೊಂದು ಬಿನ್ನಹ: ಟಿಕೆಟ್ಟಿನ ದರವನ್ನು ಬರೆಸುವ ಹಲಗೆಯ ಮೇಲೆ, ಅಷ್ಟೇ ದಪ್ಪನೆಯ ಕನ್ನಡ ಅಕ್ಷರಗಳಲ್ಲಿ, ಅಂದು ಈಜುವವರ ಹೆಸರನ್ನೂ ದಯವಿಟ್ಟು ಬರೆಸಿರಿ.