ಪರದೇಶದಲ್ಲಿ ಕಾಲು ಮುರಿದಾಗ

ಮಕ್ಕಳನ್ನು ವಿದೇಶದ ವಿಶ್ವವಿದ್ಯಾನಿಲಯಗಳಿಗೆ ಕಳುಹಿಸುವ ಮಾತು ಇಂದು ಬೆಂಗಳೂರು, ಮೈಸೂರುಗಳ ಮನೆಗಳಿಗೆ ಮಾತ್ರ ಸೀಮಿತವಾಗಿಲ್ಲ. ಸಂತೆಬಾಚಹಳ್ಳಿಯಂತಹ ಊರುಗಳಲ್ಲಿ, ತೆಂಗು ಕಬ್ಬುಗಳನ್ನು ನಂಬಿದ ಕುಟುಂಬಗಳೂ ಆ ಲೆಕ್ಕ ಹಾಕುತ್ತವೆ. ಪಾಸ್‌ಪೋರ್ಟು, ವೀಸಾ, ಬ್ಯಾಂಕಿನ ಸಾಲ, ಚಳಿಗೆ ಕೋಟು, ಡಬ್ಬಿಯಲ್ಲಿ ಚಟ್ನಿಪುಡಿ, ಎಲ್ಲಕ್ಕೂ ಸಿದ್ಧತೆ ನಡೆಯುತ್ತದೆ. ಅಲ್ಲಿ ಬಿದ್ದು ಕಾಲು ಮುರಿದರೆ ಗತಿಯೇನು ಎಂಬುದನ್ನು ಮಾತ್ರ ಯಾರೂ ಚರ್ಚಿಸುವುದಿಲ್ಲ. ಹೊರಡುವಾಗ ಅಪಶಕುನದ ಮಾತೇಕೆ ಎಂದು ಹಿರಿಯರು ಬಾಯಿ ಮುಚ್ಚಿಸುತ್ತಾರೆ.

ಆದರೆ ಕೆರೆ ಏರಿಯ ಕೆಸರನ್ನು ಬಲ್ಲ ಕಾಲಿಗೆ, ರಸ್ತೆಯ ಮೇಲೆ ಗಾಜಿನಂತೆ ಹರಡಿದ ಮಂಜುಗಡ್ಡೆಯ ಪರಿಚಯವಿರುವುದಿಲ್ಲ. ಮೊಣಕಾಲಿನ ಕೆಳಗಿನ ದೊಡ್ಡ ಎಲುಬು ಮುರಿದರೆ ಅದು ಕೂಡಿಕೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳು ಬೇಕು. ಅಷ್ಟರಲ್ಲಿ ಒಂದು ಸೆಮಿಸ್ಟರು ಕಳೆದುಹೋಗುತ್ತದೆ. ಮೂರನೆಯ ಮಹಡಿಯ ಬಾಡಿಗೆ ಕೋಣೆ, ಒಬ್ಬನೇ ಬೇಯಿಸಿಕೊಳ್ಳಬೇಕಾದ ಅನ್ನ, ಗಂಟೆಯ ಲೆಕ್ಕದಲ್ಲಿ ಕೂಲಿ ಕೊಡುವ ಅಂಗಡಿಯ ಕೆಲಸ, ಇವೆಲ್ಲವೂ ಏಕಕಾಲದಲ್ಲಿ ಕೈಬಿಡುತ್ತವೆ. ಆಗ ಆ ವಿದ್ಯಾರ್ಥಿ ಮಾಡುವ ಮೊದಲ ಕೆಲಸವೇನು? ಮನೆಯವರಿಂದ ಮುಚ್ಚಿಡುವುದು. ದೂರವಾಣಿಯ ಪರದೆಯಲ್ಲಿ ಮುಖವಷ್ಟೇ ಕಾಣುವಂತೆ ಹಿಡಿದು, "ಚೆನ್ನಾಗಿದ್ದೇನೆ ಅಪ್ಪಾಜಿ" ಎನ್ನುವುದು. ಕಾಲೇಜಿಗೂ ತಿಳಿಸದೆ, ವೈದ್ಯರು ಹೇಳಿದ ದಿನಕ್ಕಿಂತ ಮೊದಲೇ ಊರುಗೋಲು ಬಿಟ್ಟು ಕೆಲಸಕ್ಕೆ ನಿಲ್ಲುವುದು. ಎಲುಬು ವಕ್ರವಾಗಿ ಕೂಡಿದರೆ ಆ ಮೌನದ ಬೆಲೆಯನ್ನು ಜೀವನಪೂರ್ತಿ ತೆರಬೇಕಾಗುತ್ತದೆ.

ಈ ಮೌನದ ಬೇರು ಸುಳ್ಳಿನಲ್ಲಿಲ್ಲ, ಸಂಕೋಚದಲ್ಲಿದೆ. ತನಗಾಗಿ ಮನೆಯವರು ಸಾಲ ಮಾಡಿದ್ದಾರೆ, ಇನ್ನೂ ಹೊರೆಯಾಗಬಾರದು ಎಂಬ ಸಂಕೋಚವದು. ಅರಿಸ್ಟಾಟಲನು ತನ್ನ ನೀತಿಶಾಸ್ತ್ರದಲ್ಲಿ ಚಿತ್ರಿಸುವ ಮಹಾತ್ಮನು ಉಪಕಾರ ಮಾಡುವುದರಲ್ಲಿ ಹಿಗ್ಗುತ್ತಾನೆ, ಉಪಕಾರ ಪಡೆಯಲು ನಾಚುತ್ತಾನೆ. ಅಲಸ್ಡೇರ್ ಮ್ಯಾಕಿಂಟೈರ್ ಎಂಬ ದಾರ್ಶನಿಕರು 1999ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಈ ಆದರ್ಶವನ್ನೇ ಪ್ರಶ್ನಿಸಿದರು. ಶೈಶವದಲ್ಲಿ, ರೋಗದಲ್ಲಿ, ಮುಪ್ಪಿನಲ್ಲಿ ಪರಾವಲಂಬಿಯಾಗಿರುವುದು ಮನುಷ್ಯಸ್ವಭಾವದ ಅಂಗವೇ ಹೊರತು ಅದರ ಕೊರತೆಯಲ್ಲ. ಆದುದರಿಂದ ಕೊಡುವುದರಂತೆ ಘನತೆಯಿಂದ ಪಡೆಯುವುದೂ ಒಂದು ಸದ್ಗುಣ ಎಂಬುದು ಅವರ ವಾದದ ತಿರುಳು. ಕಾಲು ಮುರಿದ ವಿದ್ಯಾರ್ಥಿಗೆ ಇದಕ್ಕಿಂತ ಹತ್ತಿರದ ತತ್ತ್ವಶಾಸ್ತ್ರ ಬೇರೊಂದಿರಲಾರದು.

ಇದಕ್ಕೆ ನಮ್ಮ ಪರಂಪರೆಯಲ್ಲಿಯೇ ಒಂದು ನಿದರ್ಶನವುಂಟು. 1521ರ ಮೇ ತಿಂಗಳಲ್ಲಿ ಪಾಂಪ್ಲೋನಾ ಕೋಟೆಯ ಕದನದಲ್ಲಿ ಫಿರಂಗಿಯ ಗುಂಡು ತಗುಲಿ ಲೊಯೋಲಾದ ಇಗ್ನೇಷಿಯಸರ ಕಾಲು ನುಚ್ಚುನೂರಾಯಿತು. ತಪ್ಪಾಗಿ ಕೂಡಿದ ಎಲುಬನ್ನು ಮತ್ತೆ ಮುರಿದು ಜೋಡಿಸಿದರು, ಉಬ್ಬಿ ನಿಂತ ಭಾಗವನ್ನು ಗರಗಸದಿಂದ ಕೊಯ್ದರು. ಆದರೂ ಅವರು ಕೊನೆಯವರೆಗೆ ಕುಂಟುತ್ತಲೇ ನಡೆದರು. ಆ ಕುಂಟುಗಾಲಿನಲ್ಲಿಯೇ 1528ರ ಆರಂಭದಲ್ಲಿ ಸ್ಪೇನಿನಿಂದ ಪ್ಯಾರಿಸ್ಸಿಗೆ ನಡೆದು ಹೋಗಿ, ಚಿಕ್ಕ ಹುಡುಗರ ಜೊತೆ ಪಾಠಕ್ಕೆ ಕುಳಿತರು. ನಂಬಿ ಕೊಟ್ಟ ಹಣವನ್ನು ಸ್ವದೇಶದವನೊಬ್ಬ ಖರ್ಚು ಮಾಡಿಬಿಟ್ಟಾಗ ಬಡವರ ಛತ್ರದಲ್ಲಿ ತಂಗಿದರು. ರಜೆಯಲ್ಲಿ ಫ್ಲಾಂಡರ್ಸಿಗೆ ಹೋಗಿ ಸ್ಪೇನಿನ ವರ್ತಕರಲ್ಲಿ ಓದಿನ ಖರ್ಚಿಗೆ ಕೈಯೊಡ್ಡಿದರು. ತನಗಿಂತ ಬಹಳ ಕಿರಿಯನಾದ, ಕೋಣೆಯ ಜೊತೆಗಾರ ಪೀಟರ್ ಫೇಬರನಿಂದ ಪಾಠ ಹೇಳಿಸಿಕೊಂಡರು. ಅದೇ ಕೋಣೆಯ ಮತ್ತೊಬ್ಬ ಗೆಳೆಯ ಫ್ರಾನ್ಸಿಸ್ ಕ್ಸೇವಿಯರ್ 1542ರಲ್ಲಿ ಗೋವೆಗೆ ಬಂದರು. ಕೇಳಲು ನಾಚಿದ್ದರೆ ಆ ಓದು ಅಲ್ಲಿಗೇ ನಿಲ್ಲುತ್ತಿತ್ತು.

ಇಂದಿನ ವಿದ್ಯಾರ್ಥಿ ಛತ್ರಕ್ಕೆ ಹೋಗಬೇಕಾಗಿಲ್ಲ. ಕೇಳಿದರೆ ಸಿಗುವ ಆಸರೆಗಳು ಹಲವಿವೆ. ಬ್ರಿಟನ್ನಿಗೆ ಹೋಗುವವರು ವೀಸಾ ಅರ್ಜಿಯೊಂದಿಗೇ ವರ್ಷಕ್ಕೆ 776 ಪೌಂಡಿನಂತೆ ಆರೋಗ್ಯ ಶುಲ್ಕ ಕಟ್ಟಿರುತ್ತಾರೆ. ಅಲ್ಲಿನ ಸರ್ಕಾರಿ ಆಸ್ಪತ್ರೆಯ ಚಿಕಿತ್ಸೆ ಭಿಕ್ಷೆಯಲ್ಲ, ಹಕ್ಕು. ಜರ್ಮನಿಯಲ್ಲಿ ಆರೋಗ್ಯ ವಿಮೆಯಿಲ್ಲದೆ ಪ್ರವೇಶವೇ ಇಲ್ಲ. ಅಮೆರಿಕದಲ್ಲಿ ವಿಮೆ ಎಷ್ಟನ್ನು ಭರಿಸುತ್ತದೆ, ತಾನೆಷ್ಟು ಕೊಡಬೇಕು ಎಂಬುದನ್ನು ಹೊರಡುವ ಮೊದಲೇ ಓದಿಕೊಳ್ಳಬೇಕು. ಅಲ್ಲಿ ವೈದ್ಯರ ಪತ್ರ ಒದಗಿಸಿ, ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಅಧಿಕಾರಿಯ ಅನುಮತಿ ಪಡೆದರೆ ವೀಸಾಕ್ಕೆ ಧಕ್ಕೆಯಾಗದಂತೆ ಪಾಠಗಳನ್ನು ಕಡಿಮೆ ಮಾಡಿಕೊಳ್ಳಬಹುದು. ಆದರೆ ಅನುಮತಿ ಮೊದಲು, ಪಾಠ ಬಿಡುವುದು ಅನಂತರ. ತೀರ ಕೈಸೋತವರಿಗೆ ಭಾರತೀಯ ರಾಯಭಾರ ಕಚೇರಿಗಳಲ್ಲಿ 2009ರಲ್ಲಿ ಆರಂಭವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿದೆ.

ಊರಿಗೆ ಓಡಿಬರುವುದೇ ಪರಿಹಾರವೆಂದು ತಂದೆತಾಯಿಗಳು ಒತ್ತಾಯಿಸಬಾರದು. ಹೊಸದಾಗಿ ಪ್ಲಾಸ್ಟರು ಹಾಕಿದವರು ದೀರ್ಘ ಪ್ರಯಾಣಕ್ಕೆ 48 ಗಂಟೆಯಾದರೂ ಕಾಯಬೇಕೆಂದು ಹಲವು ವಿಮಾನ ಸಂಸ್ಥೆಗಳು ವಿಧಿಸುತ್ತವೆ. ಅಲ್ಲಾಡಿಸದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಹೆಚ್ಚು. ವೈದ್ಯರ ಒಪ್ಪಿಗೆಯಿಲ್ಲದೆ ವಿಮಾನ ಹತ್ತಿಸುವುದು ಪ್ರೀತಿಯಲ್ಲ. ಓದು ತಡವಾದರೆ ಸಾಲವೇನಾದೀತು ಎಂಬ ಭಯಕ್ಕೂ ಉತ್ತರವುಂಟು: ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ, ಕೋರ್ಸು ನಿಗದಿತ ಕಾಲದಲ್ಲಿ ಮುಗಿಯದಿದ್ದರೆ ಗರಿಷ್ಠ 2 ವರ್ಷಗಳವರೆಗೆ ಅವಧಿ ವಿಸ್ತರಿಸಲು ಅವಕಾಶವಿದೆ. ತಂದೆ ಮಾಡಬೇಕಾದುದು, ಆಸ್ಪತ್ರೆಯ ಕಾಗದಗಳೊಂದಿಗೆ ಸಾಲ ಕೊಟ್ಟ ಶಾಖೆಗೆ ಹೋಗಿ ಲಿಖಿತವಾಗಿ ಕೇಳುವುದು.

ಮಕ್ಕಳ ಮೌನಕ್ಕೆ ಹಿರಿಯರಾದ ನಾವೂ ಸ್ವಲ್ಪ ಮಟ್ಟಿಗೆ ಕಾರಣರಲ್ಲವೇ? ವಾರಕ್ಕೊಮ್ಮೆ ಫೋನು ಮಾಡಿದಾಗ ಕೇಳುವ ಪ್ರಶ್ನೆಗಳು ಎರಡೇ: ಪರೀಕ್ಷೆ ಹೇಗಾಯಿತು, ಕೆಲಸ ಸಿಕ್ಕಿತೇ? ಇವೆರಡಕ್ಕೂ ಒಳ್ಳೆಯ ಉತ್ತರವಿಲ್ಲದ ದಿನ ಮಗ ಏನು ಹೇಳಬೇಕು? "ಬಿದ್ದರೆ ಮೊದಲು ನಮಗೆ ಹೇಳು. ಒಂದು ವರ್ಷ ಹೋದರೂ ಚಿಂತೆಯಿಲ್ಲ, ಕಾಲು ನೆಟ್ಟಗಾಗಲಿ" ಎಂದು ಹೊರಡುವ ಮುನ್ನವೇ ಹೇಳಿ ಕಳುಹಿಸಿರಿ. ಅದು ಅಪಶಕುನವಲ್ಲ. ಬಿದ್ದ ದಿನ ಮನೆಗೆ ಕರೆ ಮಾಡುವ ಧೈರ್ಯವನ್ನು ಮಗುವಿಗೆ ಕೊಡುವುದು ಆ ಮಾತೇ.